ಮೆರಿಂಗಾಯ್ ಮಾವನ ನಗುವ ಮಂಗಟ್ಟೆ

ಮೆರಿಂಗಾಯ್ ಮಾವ ಕೆತ್ತಿದ ಭೂತಗಳಿಗೆ ಯಾರೂ ಹೆದರುತ್ತಿರಲಿಲ್ಲ. ನಾನು ಅವರನ್ನು ಕಂಡ ನಲವತ್ತು ವರ್ಷಗಳಲ್ಲಿ ಅವರಿಗಿದ್ದ ಒಂದೇ ಕೊರಗು ಅದು.

ಹೊಳೆಯ ಮೇಲ್ದಂಡೆಯ ಉದ್ದಮನೆಗೆ ನಾನು ಸೊಸೆಯಾಗಿ ಹೋದಾಗ ಅಲ್ಲಿ ಒಂದೇ ಸೂರಿನಡಿ ಇಪ್ಪತ್ತೆರಡು ಸಂಸಾರಗಳಿದ್ದವು. ಸಂಸಾರಕ್ಕೊಂದು ಬಾಗಿಲು, ಬಾಗಿಲುಗಳ ಮುಂದೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಸೇರಿದ ಮೊಗಸಾಲೆ. ನಮ್ಮದು ಒಂಬತ್ತನೆಯ ಬಾಗಿಲು, ಮಾವನದು ಹತ್ತನೆಯದು. ನಡುವಿನ ಹಲಗೆ ಗೋಡೆಯಲ್ಲಿ ಒಂದು ಕಿಂಡಿ. ಉಪ್ಪು, ಕೆಂಡ, ಬೇಯಿಸಿದ ಸೊಪ್ಪು, ಗಂಡ ಹೆಂಡಿರ ಜಗಳ, ಎಲ್ಲವೂ ಆ ಕಿಂಡಿಯಲ್ಲಿ ದಾಟಿ ಬರುತ್ತಿದ್ದವು. ಅವರು ನನಗೆ ರಕ್ತಸಂಬಂಧದ ಮಾವನಲ್ಲ. ಆದರೆ ಒಂದೇ ಕಿಂಡಿಯ ಎರಡು ಕಡೆ ಬಾಳಿದವರ ನಡುವೆ ಅಷ್ಟು ಲೆಕ್ಕ ಯಾರು ನೋಡುತ್ತಾರೆ?

ಅವರ ಕೈಕೆಲಸವೆಂದರೆ ಹಂದಿಕೋಲು. ಕಾಡುಹಂದಿಯ ಜಾಡಿನಲ್ಲಿ ಬಿದಿರಿನ ಈಟಿ ಹೂಡುವಾಗ ಅದು ನೆಲದಿಂದ ಎಷ್ಟು ಎತ್ತರಕ್ಕಿರಬೇಕೆಂದು ಅಳೆಯುವ ಗಟ್ಟಿ ಮರದ ಕೋಲು ಅದು. ಅದರ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಲ್ಲಕ್ಕೆ ಕೈಯೂರಿದ ಪುಟ್ಟ ಭೂತ ಇರುತ್ತದೆ. ಹಂದಿಯನ್ನು ಈಟಿಯ ಬಾಯಿಗೆ ಕರೆದು ತರುವುದು ಅದರ ಕೆಲಸ. ಬೇರೆಯವರು ಕೆತ್ತಿದ ಭೂತ ಹಲ್ಲು ಕಿರಿದು ಗದರಿಸುತ್ತದೆ. ಮಾವನ ಭೂತ ಹೊಟ್ಟೆ ತುಂಬ ಉಂಡು ಎದ್ದವನ ಹಾಗೆ ನಗುತ್ತಿತ್ತು. ಅದೂ ಸಾಲದೆಂಬಂತೆ ಯಾರಾದರೊಬ್ಬರ ಹೋಲಿಕೆ ಬಂದುಬಿಡುತ್ತಿತ್ತು. ನಾನು ಮನೆಗೆ ಬಂದ ವರ್ಷ ಒಂದು ಕೋಲಿನ ಭೂತ ನನ್ನ ಅತ್ತೆಯ ಪಡಿಯಚ್ಚಾಗಿ ಹೊರಬಂತು. ಅತ್ತೆ ಎಂಟು ದಿನ ಆ ಕಿಂಡಿಗೆ ಚಾಪೆ ಅಡ್ಡ ಇಟ್ಟರು. ಒಂಬತ್ತನೆಯ ದಿನ ಆ ಕೋಲನ್ನು ತಾವೇ ಕೇಳಿ ಪಡೆದು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡರು.

ಒಮ್ಮೆ ಗದ್ದೆಯ ಅಂಚಿನಲ್ಲಿ ನಿಲ್ಲಿಸಲು ಬೇಟೆ ರಕ್ಕಸ ಗೆರಾಸಿಯನ್ನು ಆಳೆತ್ತರಕ್ಕೆ ಕೆತ್ತಿದರು. ಕಣ್ಣು ಇಷ್ಟಗಲ, ಕೋರೆ ಗೇಣುದ್ದ. ನಿಲ್ಲಿಸಿದ ವಾರದೊಳಗೆ ಮಕ್ಕಳು ಅದರ ಹೆಗಲೇರಿ ಕೂತರು. ನಮ್ಮ ಕೋಳಿಯೊಂದು ಅದರ ಕಾಲುಗಳ ನಡುವೆ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಮಾವ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಕೋರೆ ಚಿಕ್ಕದಾಯಿತೇನೋ ಎಂದು ನನ್ನನ್ನು ಕೇಳಿದರು. ಕೋರೆ ಸರಿಯಾಗಿದೆ, ಕೆನ್ನೆಯೇ ದಪ್ಪವಾಯಿತು ಎಂದೆ.

ಹೀಗಿರುವಾಗ ಇಡೀ ಉದ್ದಮನೆಗೆ ಯಜಮಾನರಾದ ಲಿನಾಂಗ್ ಅವರು ಮಂಗಟ್ಟೆ ಹಬ್ಬ ಮಾಡುವ ಮನಸ್ಸು ಮಾಡಿದರು. ಮೂರು ವರ್ಷ ಒಂದೇ ಸಮನೆ ಭತ್ತ ಚೆನ್ನಾಗಿ ಬಂದಿತ್ತು. ಆ ಹಬ್ಬ ನಮ್ಮಲ್ಲಿ ಕೊನೆಯದಾಗಿ ನಡೆದದ್ದು ಅವರ ಅಪ್ಪನ ಕಾಲದಲ್ಲಿ. ಹಬ್ಬಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮರದಲ್ಲಿ ಕಡೆದ ದೊಡ್ಡ ಮಂಗಟ್ಟೆ ಹಕ್ಕಿ. ಕೊಕ್ಕಿನ ಮೇಲಿನ ಕೊಂಬು ಜರೀಗಿಡದ ಎಳೆಕುಡಿಯಂತೆ ಸುರುಳಿ ಸುತ್ತಿರಬೇಕು, ಮೈತುಂಬ ಬಣ್ಣವಿರಬೇಕು. ಅದನ್ನು ಎತ್ತರದ ಕಂಬದ ಮೇಲೇರಿಸಿದರೆ ಅದರ ಜೀವ ಹಾರಿಹೋಗಿ ಶತ್ರುಗಳನ್ನು ಕುಕ್ಕಿ ಬರುತ್ತದೆ.

ಅಂಥ ಹಕ್ಕಿ ಕಡೆಯಬಲ್ಲವನು ಆ ಹೊಳೆಯುದ್ದಕ್ಕೂ ಒಬ್ಬನೇ ಉಳಿದಿದ್ದ, ಕೆಳದಂಡೆಯ ಉದ್ದಮನೆಯ ಗುಯಾಂಗ್ ಅಜ್ಜ. ಅವನನ್ನು ಕರೆಯೋಣವೆಂದರೆ ದೋಣಿ ಪಂದ್ಯದಲ್ಲಿ ಆಗಿದ್ದ ಜಗಳದಿಂದಾಗಿ ಎರಡು ಮನೆಗಳಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಯಜಮಾನರು ಮೆರಿಂಗಾಯ್ ಮಾವನ ಮುಂದೆ ಬಂದು ಕೂತರು.

"ನೀನೇ ಕಡೀಬೇಕು ಕಣಯ್ಯ," ಎಂದರು.

"ನನ್ನ ಹಕ್ಕಿ ನೋಡಿ ಶತ್ರುಗಳು ಊಟಕ್ಕೆ ಬಂದ್ರೆ?"

"ಬಂದ್ರೆ ಬಡಿಸೋಣ. ಮೊದಲು ಹಕ್ಕಿ ಆಗ್ಲಿ."

ಮಾವನ ಚಿಂತೆ ಅದೊಂದೇ ಆಗಿರಲಿಲ್ಲ. ಹಂದಿಕೋಲನ್ನು ಯಾರು ಬೇಕಾದರೂ ಕೆತ್ತಬಹುದು. ಮಂಗಟ್ಟೆಗೆ ಮಾತ್ರ ಕನಸು ಬೀಳಬೇಕು. ಕನಸಿನ ಅಪ್ಪಣೆಯಿಲ್ಲದೆ ಮರ ಕೆತ್ತುವ ಬಾಚಿ ಎತ್ತಿದವನ ಮೈ ಸೊರಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮಾವ ಒಂದು ತಿಂಗಳು ಕನಸಿಗಾಗಿ ಕಾದರು. ಹೊಳೆಯ ಬಂಡೆಯ ಮೇಲೆ ಮಲಗಿ ನೋಡಿದರು, ನೆಗಡಿ ಬಂತು. ಗುಡ್ಡದ ನೆತ್ತಿಯಲ್ಲಿ ಮಲಗಿದರು, ಜಿಗಣೆ ಹತ್ತಿತು. ಕಡೆಗೊಂದು ದಿನ ಕನಸು ಬಿತ್ತು. ಅದರಲ್ಲಿ ಅವರ ಚಿಕ್ಕಪ್ಪ ಬಂದು, ನನ್ನಿಂದ ತೆಗೆದುಕೊಂಡು ಹೋದ ಮೀನುಬಲೆ ಎಲ್ಲಿ ಎಂದು ಕೇಳಿ ಹೋದನಂತೆ.

ಮಂಗಟ್ಟೆಯ ಕನಸು ಬಿದ್ದದ್ದು ಅವರ ಹೆಂಡತಿ ಜಮಿತ್ ಅತ್ತೆಗೆ.

ಜಮಿತ್ ಅತ್ತೆ ನಮ್ಮ ಮನೆಸಾಲಿನ ದೊಡ್ಡ ನೇಯ್ಗೆಗಾತಿ. ಅವರು ನೇಯ್ದ ಹೊದಿಕೆಯನ್ನು ಹಬ್ಬದ ದಿನ ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯುತ್ತಿದ್ದರು. ಗಂಡನಿಗಿಂತ ಅರ್ಧ ಗೇಣು ಎತ್ತರ, ಮಾತೂ ಅಷ್ಟೇ ಮೇಲು. ಒಂದು ಬೆಳಿಗ್ಗೆ ಭತ್ತ ಕುಟ್ಟುತ್ತಿದ್ದಾಗ ಒನಕೆ ನಿಲ್ಲಿಸಿ, ನಿನ್ನೆ ಗದ್ದೆ ಗುಡಿಸಲಲ್ಲಿ ಮಧ್ಯಾಹ್ನ ಒರಗಿಕೊಂಡಿದ್ದಾಗ ಮಂಗಟ್ಟೆಯೊಂದು ಬಂದು ತನ್ನ ಜೊತೆ ಮಾತಾಡಿತು ಎಂದರು. ಕುಟ್ಟುತ್ತಿದ್ದ ನಾವೆಲ್ಲ ನಿಂತೆವು. ಸುದ್ದಿ ಒನಕೆಗಿಂತ ಬೇಗ ಮೊಗಸಾಲೆಯ ಆ ತುದಿ ಮುಟ್ಟಿತು. ಹಗಲು ಬಿದ್ದ ಕನಸು ನಡೆಯುತ್ತದೆಯೇ, ಹೆಂಡತಿಯ ಕನಸಿನ ಮೇಲೆ ಗಂಡ ಬಾಚಿ ಎತ್ತಬಹುದೇ ಎಂದು ಹಿರಿಯರು ಒಂದು ಹಂಡೆ ಅಕ್ಕಿಕಳ್ಳು ಮುಗಿಯುವವರೆಗೆ ಚರ್ಚೆ ಮಾಡಿದರು. ಎತ್ತಬಹುದು, ಆದರೆ ಅವಳು ಮನಸ್ಸಾರೆ ಕೊಡಬೇಕು ಎಂದು ತೀರ್ಮಾನವಾಯಿತು.

"ಕೊಡೇ," ಎಂದರು ಮಾವ.

"ಬಿಟ್ಟಿ ಕೊಡೋಕೆ ಇದೇನು ಬಸಳೆ ಸೊಪ್ಪಾ, ಸನೀ ಅಪ್ಪಾ?"

ಸನೀ ಅವರ ಮಗಳು. ಮದುವೆಯಾಗಿ ಪಟ್ಟಣದಲ್ಲಿದ್ದಳು.

ಅತ್ತೆ ಕೇಳಿದ್ದು ಮಾವ ಕೂರುವ ಜಾಗವನ್ನು. ಮೊಗಸಾಲೆಯಲ್ಲಿ ಹತ್ತನೆಯ ಬಾಗಿಲ ಮುಂದೆ, ಸೂರಿನ ಕಿಟಕಿಯಿಂದ ಬೆಳಕು ನೇರ ಬೀಳುವ ಜಾಗ ಅದು. ಮೂವತ್ತು ವರ್ಷದಿಂದ ಮಾವ ಅಲ್ಲೇ ಚಕ್ಕೆ ಉದುರಿಸುತ್ತ ಕೂತಿದ್ದರು. ಅತ್ತೆ ಮಗ್ಗ ಹಾಸಿಕೊಂಡು ಕಂಬದ ನೆರಳಿನಲ್ಲಿ ಕಣ್ಣು ಕಿರಿದಾಗಿಸಿ ನೂಲು ಎಣಿಸುತ್ತಿದ್ದರು. ಮಾವ ಚಾಪೆಯನ್ನೊಮ್ಮೆ, ಬೆಳಕನ್ನೊಮ್ಮೆ ನೋಡಿದರು. ಆಮೇಲೆ ಉಳಿ, ಬಾಚಿ, ಉದ್ದ ಹಿಡಿಯ ಸಣ್ಣ ಕತ್ತಿ ಎಲ್ಲವನ್ನೂ ಬುಟ್ಟಿಗೆ ತುಂಬಿ ಕಂಬದ ಆಚೆಗೆ ಸರಿದು ಕೂತರು. ಮೂವತ್ತು ವರ್ಷ ಒಂದು ಮಾತು ಕೇಳಬಾರದಾಗಿತ್ತೇ ಎಂದು ಅವರು ಅಂದದ್ದು, ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಅತ್ತೆ ಅಂದದ್ದು, ಎರಡೂ ನನಗೆ ಕಿಂಡಿಯಲ್ಲಿ ಕೇಳಿಸಿದವು.

ಮಂಗಟ್ಟೆಗೆ ಹಾಲೆ ಮರವೇ ಆಗಬೇಕು. ಹಗುರ, ಉಳಿಗೆ ಒಲಿಯುತ್ತದೆ. ಹೊಳೆಯ ಮೇಲುಗಡೆ ಎರಡು ತಿರುವು ದಾಟಿ ಒಳ್ಳೆಯ ಮರ ಸಿಕ್ಕಿತು. ಅದಕ್ಕೆ ಅನ್ನ, ಅರಳು, ಮೊಟ್ಟೆ, ಎಲೆ ಅಡಿಕೆ ಇಟ್ಟು, ಹುಂಜದ ರಕ್ತ ಹಚ್ಚಿ, ಅಪ್ಪಣೆ ಬೇಡಿ ಕಡಿದರು. ಕಡಿದ ಮೇಲೆ ಅದು ಬರೀ ದಿಮ್ಮಿಯಲ್ಲ, ನೆಂಟ. ಕೆಂಪು ಬಟ್ಟೆ ಸುತ್ತಿ, ಹುಂಜದ ಗರಿ ಸಿಕ್ಕಿಸಿ ನೀರಿಗಿಳಿಸಿ, ಬೆತ್ತದ ಹುರಿಯಿಂದ ದೋಣಿಗೆ ಕಟ್ಟಿದರು. ಗಂಟು ಹಾಕಿದವರು ಮೆರಿಂಗಾಯ್ ಮಾವ. ಅವರ ಕೈಗೆ ಎಲ್ಲ ಕೆಲಸವೂ ಬರುತ್ತಿತ್ತು, ಗಂಟು ಮಾತ್ರ ನಿಲ್ಲುತ್ತಿರಲಿಲ್ಲ.

ನಾವು ಹೆಂಗಸರು ನೆಂಟನನ್ನು ಬರಮಾಡಿಕೊಳ್ಳಲು ಒಳ್ಳೆಯ ಬಟ್ಟೆಯುಟ್ಟು, ಕಳ್ಳಿನ ಬಟ್ಟಲು ಹಿಡಿದು ಹೊಳೆಯ ಮೆಟ್ಟಿಲಲ್ಲಿ ಸಾಲಾಗಿ ನಿಂತಿದ್ದೆವು. ಜಾಗಟೆ ಬಾರಿಸಲು ಶುರುವಾಯಿತು. ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರಿತ್ತು. ತಿರುವಿನಲ್ಲಿ ಮೊದಲು ಕಾಣಿಸಿದ್ದು ದಿಮ್ಮಿ. ಅದು ಒಂದೇ ಬರುತ್ತಿತ್ತು. ನಮ್ಮ ಮುಂದೆ ಗಂಭೀರವಾಗಿ ಹಾದು, ಕೆಂಪು ಬಟ್ಟೆ ಅಲ್ಲಾಡಿಸುತ್ತ ಕೆಳಗಿನ ತಿರುವಿನಲ್ಲಿ ಮರೆಯಾಯಿತು. ಅದರ ಹಿಂದೆ ಸ್ವಲ್ಪ ಹೊತ್ತಿಗೆ ದೋಣಿ ಬಂತು. ಯಜಮಾನರು ಹುಟ್ಟು ಹಾಕುತ್ತಿದ್ದರು. ಮಾವ ಮುಂದೆ ನಿಂತು, ಬಿಚ್ಚಿಹೋದ ಬೆತ್ತದ ತುದಿ ಹಿಡಿದುಕೊಂಡು ನಮ್ಮ ಕಡೆ ನೋಡದೆ ಹೋದರು.

ಕೆಳದಂಡೆಯ ಮನೆಯ ಹೆಂಗಸರು ಆಗ ಬಟ್ಟೆ ಒಗೆಯುತ್ತಿದ್ದರಂತೆ. ಕೆಂಪು ಬಟ್ಟೆ, ಗರಿ ನೋಡಿದ ಕೂಡಲೇ ಅವರಿಗೆ ಇದು ಏನೆಂದು ತಿಳಿಯಿತು. ಬಾಗಿಲಿಗೆ ಬಂದ ನೆಂಟನನ್ನು ನೀರಿನಲ್ಲಿ ಬಿಡುವುದುಂಟೇ? ಎಳೆದು ದಡಕ್ಕೆ ಹಾಕಿ, ಕಳ್ಳು ಸುರಿದು, ಮೆಟ್ಟಿಲು ಹತ್ತಿಸಿದರು. ನಮ್ಮವರು ಮುಟ್ಟುವ ಹೊತ್ತಿಗೆ ದಿಮ್ಮಿ ಅವರ ಮೊಗಸಾಲೆಯಲ್ಲಿ ಹೊಸ ಚಾಪೆಯ ಮೇಲೆ ಹೊದಿಕೆ ಹೊದ್ದು ಮಲಗಿತ್ತು. ಪಕ್ಕದಲ್ಲಿ ಗುಯಾಂಗ್ ಅಜ್ಜ ಎಲೆಬೀಡಿ ಸೇದುತ್ತ ಕೂತಿದ್ದ.

ಲಿನಾಂಗ್ ಯಜಮಾನರು ದಿಮ್ಮಿ ನಮ್ಮದು ಎಂದರು. ಅಜ್ಜ ಹೊಗೆ ಬಿಟ್ಟ.

"ನಾನೇನು ಕರೀಲಿಲ್ಲಪ್ಪ. ತಾನಾಗೇ ಬಂತು. ಬಂದ ನೆಂಟನ್ನ ಕುತ್ತಿಗೆ ಹಿಡಿದು ಆಚೆಗೆ ದಬ್ಬೋ ಪದ್ಧತಿ ನಿಮ್ಮ ಕಡೆ ಇದ್ಯೇನು?"

ಅಜ್ಜ ತನ್ನ ಬಾಳಿನಲ್ಲಿ ಒಂಬತ್ತು ಹಕ್ಕಿ ಕಡೆದಿದ್ದ. ಊರುಗಳಲ್ಲಿ ಇಗರ್ಜಿಗಳೆದ್ದು ಹಬ್ಬಗಳು ಕಡಿಮೆಯಾದ ಮೇಲೆ ಹನ್ನೆರಡು ವರ್ಷದಿಂದ ಅವನನ್ನು ಯಾರೂ ಕೇಳಿರಲಿಲ್ಲ. ಈಗ ಹಾಲೆ ಮರವೇ ಹುಡುಕಿಕೊಂಡು ಬಂದಿತ್ತು. ಆ ಮುದುಕನ ಮುಖದಲ್ಲಿದ್ದ ಸಂತೋಷ ನೋಡಿ ಜಗಳವಾಡಲು ಬಾಯೇ ಬರಲಿಲ್ಲ ಎಂದು ಮಾವ ಆಮೇಲೆ ನನಗೆ ಹೇಳಿದರು. ಅವರು ಸುರಿದಷ್ಟು ಕಳ್ಳು ಕುಡಿದು, ನಮ್ಮವರು ಅಲ್ಲೇ ಮಲಗಿ, ಬೆಳಿಗ್ಗೆ ಕನಸು ಕಂಡವರೇ ಬಂದು ಕೇಳಲೆಂದು ಜಮಿತ್ ಅತ್ತೆಯನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

ಅತ್ತೆ ಅಜ್ಜನ ಎದುರು ಕಾಲು ಮಡಚಿ ಕೂತು, ತಂದಿದ್ದ ಎಲೆ ಅಡಿಕೆ ಮುಂದಿಟ್ಟರು.

"ಅಜ್ಜ, ನಮ್ಮ ನೆಂಟ ದಾರಿ ತಪ್ಪಿ ನಿಮ್ಮನೇಗೆ ಬಂದ. ಉಣ್ಣಿಸಿದ್ರಿ, ಹೊದಿಸಿದ್ರಿ, ಉಪಕಾರ ಆಯ್ತು. ಇನ್ನು ಎಬ್ಬಿಸಿ ಕಳಿಸ್ಕೊಡಿ."

"ಕನಸು ಬಿದ್ದಿದ್ದು ಯಾರಿಗೆ?"

"ನಂಗೆ."

"ಎಷ್ಟೊತ್ತಲ್ಲಿ?"

"ಮಧ್ಯಾಹ್ನ, ಉಂಡ್ಮೇಲೆ."

"ಊಟಕ್ಕೆ ಏನಿತ್ತು?"

"ಹುಳಿ ಹಾಕಿದ ಹಂದಿಮಾಂಸ."

"ಅದ್ಕೇ ಮತ್ತೆ," ಎಂದ ಅಜ್ಜ. ಮೊಗಸಾಲೆಯೆಲ್ಲ ನಕ್ಕಿತು.

ಅತ್ತೆಯೂ ನಕ್ಕರು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಕನಸನ್ನು ಮೊದಲಿನಿಂದ ಹೇಳತೊಡಗಿದರು. ಹಕ್ಕಿ ಬಂದು ಮಗ್ಗದ ತೊಲೆಯ ಮೇಲೆ ಕೂತಿತಂತೆ. ತನಗೆ ಮೈ ಬೇಕು, ಬೇಗ ಮಾಡಿಕೊಡಿ ಎಂದಿತಂತೆ. ಮಾಡುವವನು ಇಗೋ ಇವನು ಎಂದು ಅತ್ತೆ ಗದ್ದೆಯಲ್ಲಿದ್ದ ಗಂಡನನ್ನು ತೋರಿಸಿದರಂತೆ. ಮಾವ ಆಗ ಏಡಿ ಹಿಡಿಯಲು ಹೋಗಿ ಕೆಸರಿನಲ್ಲಿ ಕೂತಿದ್ದರಂತೆ. ಅದನ್ನು ನೋಡಿ ಹಕ್ಕಿ ನಗಲು ಶುರುಮಾಡಿತು. ನಕ್ಕು ನಕ್ಕು ಅದರ ಕೊಂಬು ಇನ್ನೊಂದು ಸುತ್ತು ಸುರುಳಿಯಾಯಿತು. ಹಾಗೇ ನಗುತ್ತಲೇ ಹಾರಿಹೋಯಿತು.

ಅಜ್ಜನ ಬೀಡಿ ಆರಿತ್ತು. ದಿಮ್ಮಿಯ ಮೇಲೆ ಅಂಗೈಯಾಡಿಸಿದ.

"ನಾನು ಮಾಡಿದ ಒಂಬತ್ತೂ ಸಿಟ್ಟಿನ ಹಕ್ಕಿ ಕಣಮ್ಮ," ಎಂದ. "ನಗು ನನ್ನ ಉಳೀಲಿ ಇಲ್ಲ. ತಗೊಂಡ್ ಹೋಗಿ." ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ನಾನೂ ಬರ್ತೀನಿ. ಒಂದಿನ ಈ ನೆಂಟನ ಪಕ್ಕದಲ್ಲಿ ಮಲಗಿದ್ದೀನಿ, ನಂಟು ಬೆಳೆದಿದೆ," ಎಂದ.

ದಿಮ್ಮಿ ಮೇಲ್ದಂಡೆಗೆ ಮರಳುವಾಗ ಕೆಳದಂಡೆಯವರೇ ಮೂರು ದೋಣಿ ತಂದು ಎಳೆದರು. ಗಂಟನ್ನು ಮಾವನ ಕೈಗೆ ಕೊಡಲಿಲ್ಲ.

ಅಜ್ಜ ಎರಡು ದಿನಕ್ಕೆಂದು ಬಂದವನು ಮೂರು ತಿಂಗಳು ಹತ್ತನೆಯ ಬಾಗಿಲಿನಲ್ಲಿ ಉಂಡ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮೊಗಸಾಲೆಯಾಚೆ ಸೂರಿಲ್ಲದ ಬಯಲು ಅಟ್ಟದ ಮೇಲೆ ದಿಮ್ಮಿಯ ಎರಡು ಕಡೆ ಕೂರುತ್ತಿದ್ದರು. ಮಾವ ಬಾಚಿ ಬೀಸಿದರೆ ಅಜ್ಜ ಆಳ ಹೆಚ್ಚಾಯಿತು ಎನ್ನುತ್ತಿದ್ದ, ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎನ್ನುತ್ತಿದ್ದ. ಕತ್ತಿಯ ಉದ್ದ ಹಿಡಿಯನ್ನು ಕಂಕುಳಲ್ಲಿ ಅವುಚಿ ಮೈಭಾರದಿಂದ ಕೆತ್ತುವುದು ಹೇಗೆಂದು ತೋರಿಸಿಕೊಟ್ಟ. ಮಾವ ಅಲ್ಲಿಯವರೆಗೆ ಬರೀ ಮುಂಗೈ ಬಲದಿಂದ ಕೆತ್ತುತ್ತಿದ್ದರು. ಐವತ್ತು ದಾಟಿದ ಮೇಲೆ ಕತ್ತಿ ಹಿಡಿಯಲು ಕಲಿಯುತ್ತಿದ್ದೇನೆ ಎಂದು ತಾವೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ದೊಡ್ಡ ಜಗಳ ನಡೆದದ್ದು ಎಡ ರೆಕ್ಕೆಯ ಮೇಲೆ. ಅದು ಬಲಕ್ಕಿಂತ ಮೂರು ಬೆರಳು ಗಿಡ್ಡವಾಯಿತೆಂದು ಅಜ್ಜ ಹೇಳಿದ. ಮಾವ ಒಪ್ಪಲಿಲ್ಲ. ನೂಲಿನಲ್ಲಿ ಅಳೆದಾಗ ನಾಲ್ಕು ಬೆರಳು ಗಿಡ್ಡವಿತ್ತು. ಮಾವ ಉಳಿ ಕೆಳಗಿಟ್ಟು ಹೊಳೆಗೆ ಹೋಗಿ ಸಂಜೆಯವರೆಗೆ ಬರಲಿಲ್ಲ. ಬೇರೆ ಮರವಿಲ್ಲ, ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು. ಅತ್ತೆ ಬಂದು ನೋಡಿ, ತಿರುಗುವಾಗ ಹಕ್ಕಿ ಒಂದು ರೆಕ್ಕೆ ಮಡಚುತ್ತದಲ್ಲ, ಕತ್ತನ್ನು ಸ್ವಲ್ಪ ಎಡಕ್ಕೆ ಹೊರಳಿಸಿದರಾಯಿತು ಎಂದರು. ಅಜ್ಜ ಅವರನ್ನು ನೋಡಿ, ಇನ್ನೊಮ್ಮೆ ಹಕ್ಕಿಯನ್ನು ನೋಡಿ, ಎಲೆಬೀಡಿ ಹಚ್ಚಿಕೊಂಡ. ಮಾವನನ್ನು ಕರೆಯಲು ಅವನೇ ಹೊಳೆಗೆ ಹೋದ. ಅಲ್ಲಿ ಏನು ಮಾತಾಡಿದರೋ ತಿಳಿಯದು. ಇಬ್ಬರೂ ಒದ್ದೆಯಾಗಿ, ಒಂದು ಬುಟ್ಟಿ ಮೀನು ಹೊತ್ತು ಬಂದರು.

ಕತ್ತು ಹೊರಳಿದ ಮೇಲೆ ಹಕ್ಕಿಗೆ ಜೀವ ಬಂತು. ಯಾರೋ ಹಿಂದಿನಿಂದ ತಮಾಷೆಯ ಮಾತು ಹೇಳಿದಂತೆ, ಅದಕ್ಕೆ ತಿರುಗಿ ನಕ್ಕಂತೆ ಕಾಣುತ್ತಿತ್ತು. ಕೊಂಬಿನ ಸುರುಳಿಗೆ ಅತ್ತೆ ಹೇಳಿದಂತೆ ಒಂದು ಸುತ್ತು ಹೆಚ್ಚು ಕೊಟ್ಟರು. ಬೆನ್ನ ಮೇಲೆ ನಬಾವ್ ಎಂಬ ನೀರಹಾವು, ಬಾಲದ ಬಳಿ ಕುಕ್ಕರುಗಾಲಿನ ಪುಟ್ಟ ಭೂತಗಳು. ಅವುಗಳಲ್ಲಿ ಒಂದು ಗುಯಾಂಗ್ ಅಜ್ಜನೇ ಎಂದು ಎಲ್ಲರಿಗೂ ಗೊತ್ತಾಯಿತು, ಅವನೊಬ್ಬನಿಗೆ ಬಿಟ್ಟು.

ಹಬ್ಬದ ದಿನ ಹೊಳೆಯ ಉದ್ದಕ್ಕೂ ದೋಣಿಗಳು. ಕೆಳದಂಡೆಯವರು ಎರಡು ಹಂದಿ ತಂದರು. ಹಕ್ಕಿಯ ಕೊಕ್ಕಿಗೆ ಕಜ್ಜಾಯ, ಕುತ್ತಿಗೆಗೆ ಮಣಿ, ಬೀಡಿ ಕಟ್ಟು ನೇತುಹಾಕಿದೆವು. ಹೆಂಗಸರು ಅದನ್ನು ಎತ್ತಿಕೊಂಡು ಮೊಗಸಾಲೆಯುದ್ದಕ್ಕೂ ಕುಣಿದರು. ಮೊದಲು ಎತ್ತಿದವರು ಜಮಿತ್ ಅತ್ತೆ. ನಾನು ಬಾಲದ ಕಡೆ ಹಿಡಿದಿದ್ದೆ. ಮಾವ ಜಾಗಟೆಯವರ ಹಿಂದೆ ನಿಂತು, ಯಾರಾದರೂ ನಗುತ್ತಿದ್ದಾರೆಯೇ ಎಂದು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅದು ಹಕ್ಕಿಯನ್ನು ನೋಡಿಯೋ, ಹಕ್ಕಿಯ ಜೊತೆಗೋ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಗುಯಾಂಗ್ ಅಜ್ಜ ಪಕ್ಕಕ್ಕೆ ಬಂದು ನಿಂತ.

"ನನ್ನ ಹಕ್ಕೀನ ಕಂಡ್ರೆ ಜನ ದೂರ ನಿಂತು ಕೈ ಮುಗೀತಿದ್ರು. ಇದಕ್ಕೆ ನೋಡು, ತಿನ್ಸೋಕೆ ಸಾಲು ನಿಂತವ್ರೆ. ಇನ್ನೇನು ಬೇಕೋ ನಿಂಗೆ?"

ಮಾವ ಕಳ್ಳಿನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಅಜ್ಜನಿಗೆ ಕೊಟ್ಟರು.

ಕಂಬಕ್ಕೆ ಏರಿಸುವಾಗ ಹೊಸ ತೊಡಕು ಬಂತು. ಹಕ್ಕಿಯ ಮುಖ ಶತ್ರುವಿನ ಕಡೆಗಿರಬೇಕು. ಹಳೆಯ ಶತ್ರುಗಳು ಬೆಟ್ಟದ ಆಚೆಯವರು. ಯಜಮಾನರ ಮಗಳನ್ನು ಕೊಟ್ಟದ್ದೇ ಅಲ್ಲಿಗೆ, ಅಳಿಯ ಎದುರಿಗೇ ನಿಂತು ಕಂಬ ಹಿಡಿದಿದ್ದ. ಮೊನ್ನೆಯವರೆಗೆ ಶತ್ರುಗಳಾಗಿದ್ದ ಕೆಳದಂಡೆಯವರ ಹಂದಿ ಒಲೆಯ ಮೇಲಿತ್ತು. ಪಟ್ಟಣದ ಕಡೆ ತಿರುಗಿಸೋಣವೆಂದರೆ ಅಲ್ಲಿ ಸನೀ ಇದ್ದಳು. ಅರ್ಧ ದಿನ ಹಕ್ಕಿ ನೆಲದ ಮೇಲೇ ಕೂತಿತ್ತು. ಶತ್ರುವೇ ಇಲ್ಲದ ಮೇಲೆ ಹಬ್ಬ ಯಾಕೆ ಮಾಡಿದೆವು ಎಂದು ಯಾರೋ ಗೊಣಗಿದರು. ಕಡೆಗೆ ನನ್ನ ಸ್ವಂತ ಅತ್ತೆ, ಯಾವತ್ತೂ ನಾಲ್ಕು ಜನರ ನಡುವೆ ಬಾಯಿ ಬಿಡದವರು, ಭತ್ತ ತಿನ್ನುವ ಇಲಿಗಳು ಬರುವುದು ಕೆಳಗಿನ ಜೌಗಿನಿಂದ ಅಲ್ಲವೇ ಎಂದರು. ಹಕ್ಕಿ ಜೌಗಿನ ಕಡೆ ಮುಖ ಮಾಡಿ ಏರಿತು. ಆ ಸುಗ್ಗಿಯಲ್ಲಿ ಇಲಿ ಕಡಿಮೆಯಿದ್ದವು. ಹಕ್ಕಿ ಕುಕ್ಕಿತೆಂದು ಯಜಮಾನರು, ಇಲಿಗಳು ನಗು ತಡೆಯಲಾರದೆ ತಿನ್ನುವುದನ್ನು ಮರೆತವೆಂದು ನನ್ನ ಗಂಡ.

ಆಮೇಲೆ ಎರಡು ಮನೆಗಳೂ ಮತ್ತೆ ದೋಣಿ ಪಂದ್ಯ ಶುರುಮಾಡಿದವು, ಮತ್ತೆ ಜಗಳವಾಡಿದವು, ಮಾತು ಮಾತ್ರ ಬಿಡಲಿಲ್ಲ. ಗುಯಾಂಗ್ ಅಜ್ಜ ಇನ್ನೂ ಆರು ವರ್ಷ ಬದುಕಿದ. ಅಷ್ಟರಲ್ಲಿ ಬೇರೆ ಹೊಳೆಗಳವರು ಬಂದು ಕೇಳಿ, ಇಬ್ಬರೂ ಸೇರಿ ನಾಲ್ಕು ಹಕ್ಕಿ ಕಡೆದರು. ಮೈ ಅಜ್ಜ ಹೇಳಿದಂತೆ, ಮುಖ ಮಾವ ಮಾಡಿದಂತೆ. ಅಜ್ಜ ತೀರಿಕೊಂಡಾಗ ಮಾವ ಸಮಾಧಿಯ ಮೇಲಿನ ಗುಡಿಸಲಿಗೆ ಕಂಬ ಕೆತ್ತಿದರು. ಅದರ ಮೇಲೆ ಭೂತದ ಮುಖ ಮಾಡದೆ ಬರೀ ಬಳ್ಳಿ ಬಿಡಿಸಿದರು. ಒಂದು ವಾರ ನಾನು ಕಿಂಡಿಯಲ್ಲಿ ಗಂಜಿ ಕೊಟ್ಟರೆ ಖಾಲಿ ಬಟ್ಟಲು ಮರಳಿ ಬರುತ್ತಿತ್ತು, ಅಷ್ಟೇ.

ಈಗ ಮಾವನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ಬೆರಳಲ್ಲೇ ತಡವಿ ಕೆತ್ತುತ್ತಾರೆ. ಕಳೆದ ತಿಂಗಳು ನನ್ನ ಅಳಿಯ ತನ್ನ ಮೋಟಾರು ದೋಣಿಯ ಮೂತಿಗೆ ನೀರಹಾವಿನ ತಲೆ ಬೇಕೆಂದು ಕೇಳಿದ. ಮಾವ ಹಗುರದ ಮರ ಬಿಟ್ಟು, ಬಾಳಿಕೆ ಬರಲೆಂದು ಕಬ್ಬಿಣದಂಥ ಗಟ್ಟಿ ಮರದಲ್ಲಿ ಕೆತ್ತಿಕೊಟ್ಟರು. ಕೂರಿಸಿ ನೀರಿಗಿಳಿಸಿದರೆ ದೋಣಿಯ ಮೂತಿ ಮುಳುಗಿ ಹಿಂಭಾಗ ಗಾಳಿಗೆದ್ದಿತು. ತಲೆ ಸಣ್ಣದು ಮಾಡೋಣ ಎಂದು ಅಳಿಯ ಹೇಳಿ ನೋಡಿದ. ಮಾವ ಅರ್ಧ ದಿನ ಯೋಚಿಸಿ, ತಲೆಗೆ ಉಳಿ ಮುಟ್ಟಿಸಲು ಒಪ್ಪದೆ, ಭಾರ ಸರಿಹೋಗಲು ತಾವೇ ದೋಣಿಯ ಹಿಂಭಾಗದಲ್ಲಿ ಹತ್ತಿ ಕೂತರು. ಸಾಲದೆ ಜಮಿತ್ ಅತ್ತೆಯನ್ನೂ ಕರೆದರು. ಅತ್ತೆ ಸೊಂಟಕ್ಕೆ ಬಿಗಿದಿದ್ದ ಮಗ್ಗದ ಪಟ್ಟಿ ಬಿಚ್ಚಿ, ಬೆಳಕಿನ ಚಾಪೆಯಿಂದೆದ್ದು ಬಂದು ಪಕ್ಕದಲ್ಲಿ ಕೂತರು. ದೋಣಿ ಸಮವಾಗಿ ನಿಂತಿತು. ವಾರಕ್ಕೆರಡು ಸಲ ಅಳಿಯ ಪೇಟೆಗೆ ಹೋಗುವಾಗ ಇಬ್ಬರೂ ಜೊತೆಗೆ ಹೋಗಿ, ಹುರಿದ ಬಾಳೆಹಣ್ಣು ತಿಂದು ಬರುತ್ತಿದ್ದಾರೆ.